ಬಿ.ಇ. ಮುಗಿಸಿ ಸೋಪು ಮಾರೋದೇ?

ಮೇಷ್ಟ್ರ ಮೊಮ್ಮಗಳ ಸಮಾಚಾರ ಇಷ್ಟು ಹೊತ್ತಿಗೆ ನಿಮ್ಮ ಕಿವಿಗೂ ಬಿದ್ದಿರಬೇಕು. ನಮ್ಮ ಸರಸ್ವತಿಪುರಂನಲ್ಲಿ ಯಾರ ಮನೆ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನೋದೇ ಗುಟ್ಟಾಗಿ ಉಳಿಯೋದಿಲ್ಲ. ಇನ್ನು ಕ್ಯಾಂಪಸ್ಸಿನಲ್ಲೇ ಸಿಕ್ಕಿದ್ದ ಸಾಫ್ಟ್‌ವೇರ್ ಕೆಲಸಕ್ಕೆ ದೊಡ್ಡ ನಮಸ್ಕಾರ ಹಾಕಿ, ಬೆಂಗಳೂರಿನ ಜಾಹೀರಾತು ಏಜೆನ್ಸಿಗೆ ಟ್ರೈನಿ ಕಾಪಿರೈಟರ್ ಆಗಿ ಹೊರಟ ಹುಡುಗಿಯ ವಿಷಯ ಉಳಿಯುತ್ತಾ? ಸಂಬಳ ಎಷ್ಟಂತೆ ಅಂತ ಕೇಳದೆ ಇರೋದಕ್ಕಾಗುತ್ತಾ? ಕೇಳಿದೆ. ಕಾಂಪೌಂಡಿನ ಆಚೆ ದಾಸವಾಳಕ್ಕೆ ನೀರು ಬಿಡುತ್ತಿದ್ದ ಮೇಷ್ಟ್ರು, "ಅದಕ್ಕೆ ಸಂಬಳ ಅನ್ನಲ್ವಂತೆ, ಸ್ಟೈಪೆಂಡ್ ಅಂತಾರಂತೆ" ಅಂದರು. ಸ್ವಲ್ಪ ಹೊತ್ತು ಪೈಪಿನ ನೀರು ಗಿಡ ಬಿಟ್ಟು ಗೋಡೆಗೇ ಬೀಳುತ್ತಿತ್ತು. ಆಮೇಲೆ ನಿಜವಾದ ಸಂಕಟ ಹೊರಗೆ ಬಂತು: "ಅಲ್ಲಾ ಸ್ವಾಮಿ, ಬಿ.ಇ. ಮುಗಿಸಿ ಸೋಪು ಮಾರೋದೇ?"

ಸೋಪು ಮಾರೋದು ಅಂದ್ರೆ ಇವರಿಗೆ ಯಾಕೋ ಅಷ್ಟು ಹಗುರ. ಮೈಸೂರಿನಲ್ಲಿ ಕೂತು ಆಡೋ ಮಾತೇ ಇದು? ಮಹಾರಾಜರೇ ಮಾರಿಸಿದ ಸರಕು ಅದು. ಮೊದಲನೇ ಮಹಾಯುದ್ಧ ಬಂದು ನಮ್ಮ ಗಂಧದ ಮರ ಯುರೋಪಿಗೆ ಹೋಗೋದು ನಿಂತಿದ್ದು, 1916ರಲ್ಲಿ ಇಲ್ಲೇ ಎಣ್ಣೆ ತೆಗೆಯೋಕೆ ಶುರುವಾಗಿದ್ದು, ಸೋಪಿನ ವಿದ್ಯೆ ಕಲಿತು ಬನ್ನಿ ಅಂತ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿದ್ದು, ಎಲ್ಲ ಮೇಷ್ಟ್ರೇ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದು. ಕನ್ನಡ, ಸಮಾಜ ಎರಡೂ ಅವರ ಪಾಲಿಗೇ ಇತ್ತಲ್ಲ. ಆದರೆ ಪಾಠದಲ್ಲಿ ಅವರು ಬಿಟ್ಟ ಭಾಗ ಒಂದಿದೆ. ಸೋಪು ಮಾಡಿಟ್ಟರೆ ಆಯಿತೇ? ಜನಕ್ಕೆ ಗೊತ್ತಾಗಬೇಡವೇ? ಟ್ರಾಮ್ ಟಿಕೆಟ್ಟಿನ ಮೇಲೆ ಹಾಕಿಸಿದರು, ಬೆಂಕಿಪೊಟ್ಟಣದ ಮೇಲೆ ಹಾಕಿಸಿದರು, ಸಾಲದು ಅಂತ ಕರಾಚಿಯಲ್ಲಿ ಒಂಟೆ ಮೆರವಣಿಗೆ ಹೊರಡಿಸಿದರು!

ಆ ಒಂಟೆ ನನ್ನ ತಲೆಯಿಂದ ಹೋಗೋದೇ ಇಲ್ಲ ನೋಡಿ. ಲಗಾಮು ಹಿಡಿಯೋಕೆ ಅಲ್ಲಿನವರು ಇರುತ್ತಾರೆ, ಸರಿ. ಆದರೆ ಮೈಸೂರಿನ ಕಡೆಯಿಂದ ಬಿಲ್ಲು ಕೊಡೋದಕ್ಕಾದರೂ ಒಬ್ಬ ಗುಮಾಸ್ತ ಜೊತೆಗೆ ನಡೆದಿರಬೇಡವೇ? ಒಂಟೆ ಬಾಡಿಗೆ, ಮೇವು, ಇತರೆ ಅಂತ ಸರ್ಕಾರಿ ಕಾರ್ಖಾನೆಯ ಲೆಕ್ಕದಲ್ಲಿ ಹೇಗೆ ತೋರಿಸಿದರೋ, ಆಡಿಟ್ಟಿನವರು ಏನಂದರೋ! ಈಗಾಗಿದ್ದರೆ ಅಂಥ ಹುಡುಗನಿಗೆ ಆ್ಯಕ್ಟಿವೇಷನ್ ಎಕ್ಸಿಕ್ಯೂಟಿವ್ ಅಂತ ಕಾರ್ಡು ಮಾಡಿಸಿಕೊಡುತ್ತಾರೆ. ಕೆಲಸ ಮಾತ್ರ ಅದೇ, ಒಂಟೆ ಹಿಂದೆ ನಡೆಯೋದು.

ಅದೇ ಸೋಪಿಗೆ 2025ರಲ್ಲಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ಕೊಟ್ಟು ರಾಯಭಾರಿಯಾಗಿ ಕರೆತಂದಾಗ ಎದ್ದ ಗಲಾಟೆ ನಿಮಗೆ ಗೊತ್ತಲ್ಲ. ಕನ್ನಡದವರು ಯಾರೂ ಸಿಗಲಿಲ್ವೇ ಅಂತ ಕೇಳದ ಟೀ ಅಂಗಡಿ ಇರಲಿಲ್ಲ. ನಮ್ಮ ರಾಜ್‌ಕುಮಾರ್ ನಂದಿನಿ ಹಾಲಿಗೆ ಕಾಸು ಮುಟ್ಟದೆ ಜಾಹೀರಾತು ಮಾಡಿಕೊಟ್ಟರು, ಮಗ ಪುನೀತ್ ಕೂಡ ಹಾಗೇ ಅಂತ ಅವತ್ತೆಲ್ಲ ಅದೇ ಮಾತು. ಮೇಷ್ಟ್ರು ಆವತ್ತು 6.20 ಕೋಟಿಯನ್ನು ಮೈಸೂರ್ ಸ್ಯಾಂಡಲ್ ಸೋಪಿನ ಬೆಲೆಯಿಂದ ಭಾಗಿಸಿ, ಎಷ್ಟು ಜನ ಎಷ್ಟು ವರ್ಷ ಸ್ನಾನ ಮಾಡಬಹುದು ಅಂತ ಲೆಕ್ಕ ಹಾಕಿದ್ದರು. ಈಗ ಮನೆಯ ಹುಡುಗಿಯೇ ಆ ಕಡೆ ಸೇರಿದ ಮೇಲೆ ಆ ಲೆಕ್ಕದ ಚೀಟಿ ಎಲ್ಲೋ ಕಾಣೆ.

"ಇದಕ್ಕೆ ಯಾವ ಕಾಲೇಜು, ಏನು ಓದು?" ಅಂತ ಕೇಳಿದರು. ಓದೇನೋ ಇದೆ. ಚಿತ್ರ ಬರೆಯೋ ಕೈ ಇದ್ದರೆ ಚಿತ್ರಕಲಾ ಪರಿಷತ್ತು, ನಮ್ಮೂರಿನ ಕಾವಾ. ಮಾರಾಟದ ಬುದ್ಧಿ ಇದ್ದರೆ ಅಹಮದಾಬಾದಿನ ಮೈಕಾ. 1991ರಲ್ಲಿ ಶುರು ಮಾಡಿಸಿದ್ದು ಮುದ್ರಾ ಏಜೆನ್ಸಿಯ ಎ.ಜಿ. ಕೃಷ್ಣಮೂರ್ತಿ. ಅವರದೇ ಒಂದು ಕಥೆ. 1980ರಲ್ಲಿ 35,000 ರೂಪಾಯಿ, ವಿಮಲ್ ಅನ್ನೋ ಒಂದೇ ಒಂದು ಗಿರಾಕಿ ಇಟ್ಟುಕೊಂಡು ಏಜೆನ್ಸಿ ತೆರೆದವರು. ಸೀರೆ ಅಂಗಡಿ ತೆರೆಯೋಕೂ ಅದಕ್ಕಿಂತ ಜಾಸ್ತಿ ಬೇಕಿತ್ತೇನೋ, ಅಲ್ವಾ?

ಆದರೆ ಈ ಕಸುಬಿನಲ್ಲಿ ಹೆಸರು ಮಾಡಿದವರನ್ನು ನೋಡಿದರೆ ಮುಂಬಾಗಿಲಿನಿಂದ ಬಂದವರು ಕಡಿಮೆ. ಡೇವಿಡ್ ಒಗಿಲ್ವಿಯನ್ನೇ ತಗೊಳ್ಳಿ. ಪ್ಯಾರಿಸ್ಸಿನ ಮೆಜೆಸ್ಟಿಕ್ ಹೋಟೆಲಿನಲ್ಲಿ ಅಡುಗೆ ಮಾಡಿದ. (ಮೆಜೆಸ್ಟಿಕ್ ಅಂದ ತಕ್ಷಣ ಮೇಷ್ಟ್ರಿಗೆ ಬೆಂಗಳೂರಿನ ಬಸ್ ಸ್ಟ್ಯಾಂಡು ನೆನಪಾಗಿ ಕಥೆ ಅಲ್ಲೇ ಸ್ವಲ್ಪ ಹೊತ್ತು ನಿಂತಿತು.) ಆಮೇಲೆ ಸ್ಕಾಟ್ಲೆಂಡಿನಲ್ಲಿ ಮನೆ ಮನೆ ಬಾಗಿಲು ತಟ್ಟಿ ಆಗಾ ಅನ್ನೋ ಒಲೆ ಮಾರಿದ. ಎಷ್ಟು ಚೆನ್ನಾಗಿ ಮಾರಿದ ಅಂದ್ರೆ, ಹೇಗೆ ಮಾರಬೇಕು ಅಂತ ಬೇರೆ ಸೇಲ್ಸ್‌ಮನ್‌ಗಳಿಗೆ ಒಂದು ಪುಸ್ತಕ ಬರೆದುಕೊಡು ಅಂತ ಕಂಪನಿಯೇ 1935ರಲ್ಲಿ ಬರೆಸಿತು. ಒಲೆ ಮಾರೋ ಆ ಕೈಪಿಡಿಯನ್ನು ಫಾರ್ಚೂನ್ ಪತ್ರಿಕೆ ಎಷ್ಟೋ ವರ್ಷದ ಮೇಲೆ ಹಾಡಿ ಹೊಗಳಿತು. ಅಷ್ಟಕ್ಕೂ ನಿಲ್ಲಲಿಲ್ಲ ಪುಣ್ಯಾತ್ಮ. ಗ್ಯಾಲಪ್ ಸಾಹೇಬರ ಹತ್ತಿರ ಜನಾಭಿಪ್ರಾಯ ಎಣಿಸಿದ, ಯುದ್ಧದಲ್ಲಿ ಬ್ರಿಟಿಷ್ ಗುಪ್ತಚರ್ಯೆ ಮಾಡಿದ, ಪೆನ್ಸಿಲ್ವೇನಿಯಾದ ಅಮಿಶ್ ಜನರ ನಡುವೆ ಹೊಲ ಉತ್ತ. ಎಲ್ಲ ಮುಗಿಸಿ, 1948ರಲ್ಲಿ, ನಲವತ್ತರ ಹತ್ತಿರ ಬಂದ ಮೇಲೆ ನ್ಯೂಯಾರ್ಕಿನಲ್ಲಿ ಏಜೆನ್ಸಿ ತೆರೆದ. ನಮ್ಮ ಕಡೆ ಇಂಥ ಹುಡುಗನಿಗೆ ಹೆಣ್ಣು ಕೊಡುತ್ತಿದ್ದರಾ ಹೇಳಿ?

ನಮ್ಮ ಪೀಯೂಷ್ ಪಾಂಡೆ ಏನು ಕಡಿಮೆಯೇ? ರಾಜಸ್ಥಾನದ ಪರ ರಣಜಿ ಆಡಿ, ಕಲ್ಕತ್ತೆಯಲ್ಲಿ ಚಹಾ ರುಚಿ ನೋಡೋ ಕೆಲಸ ಮಾಡಿ, 1982ರಲ್ಲಿ ಇದೇ ಒಗಿಲ್ವಿ ಕಂಪನಿ ಸೇರಿದ್ದು, ಅದೂ ಬರೆಯೋಕಲ್ಲ, ಕ್ಲೈಂಟ್ ಸರ್ವಿಸಿಂಗ್ ಅನ್ನೋ ಓಡಾಟದ ಕೆಲಸಕ್ಕೆ. ಚಹಾ ಕುಡಿಯೋಕೆ ಸಂಬಳ ಕೊಡ್ತಾರೆ ಅಂದಾಗ ಮೇಷ್ಟ್ರ ಕಣ್ಣು ಅರಳಿತು. ಕುಡಿಯೋ ಹಾಗಿಲ್ಲ, ಬಾಯಿಗೆ ಹಾಕಿ ಉಗುಳಬೇಕು ಅಂದೆ. ಉತ್ಸಾಹ ಅಲ್ಲಿಗೇ ಇಳೀತು. ಫೆವಿಕಾಲಿನ ಆ ಬಸ್ಸು, ಕ್ರಿಕೆಟ್ ಮೈದಾನಕ್ಕೆ ಕುಣೀತಾ ನುಗ್ಗೋ ಕ್ಯಾಡ್‌ಬರಿ ಹುಡುಗಿ, ಎಲ್ಲ ಅವರ ಕಾಲದ್ದು. 1988ರ 'ಮಿಲೇ ಸುರ್' ಹಾಡಿನ ಹಿಂದಿ ಸಾಲೂ ಅವರದೇ; ಶುರುವಿನಲ್ಲಿ ಹಾಡೋದು ನಮ್ಮ ಗದಗದ ಕಡೆಯ ಭೀಮಸೇನ ಜೋಶಿಯವರು ಅಂತ ನಾನು ನಿಮಗೆ ಹೇಳಬೇಕೇ? 2025ರ ಅಕ್ಟೋಬರಿನಲ್ಲಿ ಪಾಂಡೆ ಹೋಗಿಬಿಟ್ಟರು. ಆ ಮೀಸೆ ನೋಡಿದರೆ ಜಾಹೀರಾತಿನವರು ಅಂತ ಯಾರೂ ಅನ್ನುತ್ತಿರಲಿಲ್ಲ, ಯಾವುದೋ ಊರಿನ ಠಾಕೂರರು ಅಂದುಕೊಳ್ಳಬೇಕು.

ಇನ್ನು ಸತ್ಯಜಿತ್ ರಾಯ್. 1943ರಲ್ಲಿ ಕಲ್ಕತ್ತೆಯ ಡಿ.ಜೆ. ಕೀಮರ್ ಅನ್ನೋ ಬ್ರಿಟಿಷ್ ಏಜೆನ್ಸಿಯಲ್ಲಿ ಜೂನಿಯರ್ ವಿಷುವಲೈಸರ್, ತಿಂಗಳಿಗೆ 80 ರೂಪಾಯಿ. 1950ರಲ್ಲಿ ಕಂಪನಿ ಅವರನ್ನು ಲಂಡನ್ನಿಗೆ ಕಳಿಸಿತು, ಕೆಲಸ ಕಲಿತು ಬರಲಿ ಅಂತ. ಇವರು ಅಲ್ಲಿ ಸಿನಿಮಾ ಮೇಲೆ ಸಿನಿಮಾ ನೋಡಿ, 'ಬೈಸಿಕಲ್ ಥೀವ್ಸ್' ಕಂಡು, ನಾನೂ ಮಾಡ್ತೀನಿ ಅಂತ ತೀರ್ಮಾನ ಮಾಡಿಕೊಂಡು ಬಂದರು. ಕಂಪನಿ ಖರ್ಚಿನಲ್ಲಿ ಕಂಪನಿ ಬಿಡೋ ಯೋಚನೆ! ಶ್ಯಾಮ್ ಬೆನಗಲ್ ಕೂಡ ಮುಂಬಯಿಯಲ್ಲಿ 1959ರ ಹೊತ್ತಿಗೆ ಕಾಪಿರೈಟರು. ಸಲ್ಮಾನ್ ರಶ್ದಿ ಲಂಡನ್ನಿನಲ್ಲಿ ಕ್ರೀಮ್ ಕೇಕಿಗೂ ಗುಳ್ಳೆ ಗುಳ್ಳೆ ಚಾಕೊಲೇಟಿಗೂ ಘೋಷವಾಕ್ಯ ಬರೀತಾ ಬರೀತಾ 'ಮಿಡ್‌ನೈಟ್ಸ್ ಚಿಲ್ಡ್ರನ್' ಬರೆದುಬಿಟ್ಟರು. ಹಾಗಾಗಿ ಮೇಷ್ಟ್ರೇ, ನಿಮ್ಮ ಮೊಮ್ಮಗಳಿಗೆ ಇದು ಕೊನೇ ಸ್ಟಾಪ್ ಅಂತ ಯಾಕೆ ಅಂದುಕೊಳ್ತೀರಿ ಅಂದೆ. ಅವರಿಗೆ ಈ ಸಮಾಧಾನ ಇನ್ನೂ ಭಯ ತಂದಿತು ಅಂತ ಕಾಣುತ್ತೆ. ಸಿನಿಮಾ ಅಂದ ಕೂಡಲೇ ಪೈಪು ಮತ್ತೆ ಗೋಡೆ ಕಡೆ ಹೋಯಿತು.

ನನಗನಿಸೋದು ಇಷ್ಟು. ಇವರೆಲ್ಲ ಏನೇನೋ ಮಾಡಿಕೊಂಡು ಬಂದರೂ, ಎಲ್ಲರಿಗೂ ಪರರ ಮನೆ ಮಾತು ಕೇಳೋ ಚಟ ಇತ್ತು. ಒಲೆ ಮಾರೋಕೆ ಹೋದವನು ಆ ಮನೆಯ ಅಡುಗೆ, ಆ ಮನೆಯ ಗೋಳು ಎಲ್ಲ ಕೇಳಿಯೇ ಕೇಳಿರುತ್ತಾನೆ. ಸರ್ಫಿನ ಲಲಿತಾಜಿ ನೆನಪಿದ್ದಾರಲ್ಲ? ನಿರ್ಮಾ ಅಗ್ಗಕ್ಕೆ ಬಂದು ಸರ್ಫನ್ನು ಹಿಂಡುತ್ತಿದ್ದಾಗ ಅಲೀಕ್ ಪದಮ್ಸಿ ಹುಟ್ಟಿಸಿದ ಹೆಂಗಸು. ಆ ಗತ್ತು ಎಲ್ಲಿಂದ ಬಂತು ಅಂದರೆ, ತರಕಾರಿಯವನ ಹತ್ತಿರ ಬಿಡದೆ ಚೌಕಾಸಿ ಮಾಡುತ್ತಿದ್ದ ಪದಮ್ಸಿಯವರ ತಾಯಿಯಿಂದಲೇ ಅಂತೆ. ನಮ್ಮ ಬೀದಿಯಲ್ಲಿ ಅಂಥ ಲಲಿತಾಜಿಯರು ಸಾಲಾಗಿ ಸಿಗುತ್ತಾರೆ. ಎದುರು ಮನೆಯವರು ಕೊತ್ತಂಬರಿ ಕಟ್ಟಿಗೆ ಮಾಡೋ ವಾದ ಹೈಕೋರ್ಟಿನಲ್ಲೂ ನಡೆಯೋದಿಲ್ಲ. ಕೇಳಿಸಿಕೊಳ್ಳೋ ಕಿವಿ ಬೇಕು ಅಷ್ಟೆ. ಮೇಷ್ಟ್ರ ಮೊಮ್ಮಗಳು ಸಣ್ಣವಳಿದ್ದಾಗಿಂದ ಇದೇ ಕಾಂಪೌಂಡಿನ ಮೇಲೆ ಗದ್ದ ಊರಿಕೊಂಡು ನಮ್ಮಿಬ್ಬರ ಹರಟೆ ಕೇಳಿ ಬೆಳೆದವಳು. ಎಂಜಿನಿಯರಿಂಗ್ ಕಾಲೇಜಿನ ಫೀಸು ಸುಮ್ಮನೆ ದಂಡ ಅಂತ ನಾನು ಬಾಯಿಬಿಟ್ಟು ಹೇಳಲಿಲ್ಲ.

ಸೇರಿಸಿಕೊಳ್ಳೋ ಮುಂಚೆ ಅವಳಿಗೆ ಕಾಪಿ ಟೆಸ್ಟ್ ಕೊಟ್ಟಿದ್ದರಂತೆ. ನಕಲು ಹೊಡೆಯೋ ಪರೀಕ್ಷೆಯೇ ಅಂತ ಮೇಷ್ಟ್ರು ಗಾಬರಿಯಾಗಿದ್ದರು, ಪಾಪ. ಪ್ರಶ್ನೆ ಕೇಳಿ: ದೇವಸ್ಥಾನದ ಹೊರಗೆ ಕಳೆದುಹೋದ ಚಪ್ಪಲಿಯ ಆತ್ಮಕಥೆ ಬರೆಯಿರಿ. ಮರುಭೂಮಿಯಲ್ಲಿ ಕೊಡೆ ಮಾರಿ. ನಿಮ್ಮ ಅಜ್ಜನಿಗೆ ಇಂಟರ್ನೆಟ್ ಅಂದರೇನು ಅಂತ ಅರ್ಥ ಆಗೋ ಹಾಗೆ ಹೇಳಿ. ಮೊದಲನೇ ಪ್ರಶ್ನೆ ಕೇಳಿ ಮೇಷ್ಟ್ರು ಕೆಂಡಾಮಂಡಲ! "ಇದನ್ನ ನಾನು ಒಂಬತ್ತನೇ ಕ್ಲಾಸಿಗೆ ಪ್ರತಿ ವರ್ಷ ಕೊಡ್ತಿದ್ದೆ. ಹರಿದ ಕೊಡೆಯ ಆತ್ಮಕಥೆ, ಹಳೇ ಬಾವಿಯ ಆತ್ಮಕಥೆ. ಹತ್ತಕ್ಕೆ ನಾಲ್ಕರ ಮೇಲೆ ಯಾರಿಗೂ ಹಾಕಿಲ್ಲ." ನನಗೂ ನಾಲ್ಕೇ ಬಂದಿತ್ತು ಅಂತ ಅವರ ಹಳೇ ಶಿಷ್ಯರೆಲ್ಲ ಹೇಳುತ್ತಾರೆ. ಎಷ್ಟು ಕಾಪಿರೈಟರುಗಳು ಆ ನಾಲ್ಕರಲ್ಲೇ ಮುಗಿದುಹೋದರೋ!

ಮೂರನೇ ಪ್ರಶ್ನೆಗೆ ಅವಳು ಏನು ಬರೆದಳು ಅಂತ ಮಾತ್ರ ಅಜ್ಜನಿಗೆ ಹೇಳಲೇ ಇಲ್ಲ.

ಮೇಷ್ಟ್ರ ಪೈಪಿನ ನೀರು ಗೋಡೆಗೆ ಬೀಳುತ್ತಿತ್ತು ಅಂದೆನಲ್ಲ, ಗೋಡೆ ಅಂದಾಗ ನೆನಪಾಯಿತು. ನಂಜನಗೂಡು ರಸ್ತೆಯ ಕಡೆ ನಮ್ಮ ತಾತನ ಮನೆ ಇತ್ತಲ್ಲ, ಅದರ ಪಕ್ಕದ ಗೋಡೆ ಬಸ್ಸಿಗೆ ನೇರ ಕಾಣುತ್ತಿತ್ತು. ಒಂದು ಸಲ ಗೊಬ್ಬರದ ಕಂಪನಿಯವರು ಬಂದು, ಈ ಗೋಡೆ ನಮಗೆ ಬಿಡಿ, ಮೂರೂ ಕಡೆ ಸುಣ್ಣ ನಾವೇ ಹೊಡೆಸಿಕೊಡ್ತೀವಿ ಅಂದರು. ಪುಕ್ಕಟೆ ಸುಣ್ಣ! ತಾತ ಹಿಂದೆ ಮುಂದೆ ನೋಡಲಿಲ್ಲ. ಮಾರನೇ ದಿನ ಪೇಂಟರ್ ಬಂದ. ಏಣಿ ಇಲ್ಲ, ನಮ್ಮ ಎತ್ತಿನ ಗಾಡಿ ಎಳೆದು ಅದರ ಮೇಲೇ ನಿಂತ. ದಾರಕ್ಕೆ ನೀಲಿ ಪುಡಿ ಹಚ್ಚಿ, ನಾವು ಮಕ್ಕಳು ಎರಡು ತುದಿ ಹಿಡಿದರೆ, ನಡುವೆ ಎಳೆದು ಫಟ್ ಅಂತ ಬಿಡುತ್ತಿದ್ದ; ಗೋಡೆ ಉದ್ದಕ್ಕೂ ಗೆರೆ ಬೀಳುತ್ತಿತ್ತು. ಅಕ್ಷರ ಏನು ಚೆಂದ ಬರೆದ ಅಂತೀರಿ! ಮೊದಲ ಪದ ಇಷ್ಟು ದಪ್ಪ, ಅಷ್ಟು ಗುಂಡಗೆ. ಬರೀತಾ ಬರೀತಾ ಗೋಡೆ ಮುಗಿದುಹೋಯಿತು, ಕಂಪನಿಯ ಹೆಸರಿನ ಕೊನೇ ಎರಡು ಅಕ್ಷರ ಉಳಿದವು. ಅವನು ಒಂದು ಬೀಡಿ ಸೇದಿ ಯೋಚನೆ ಮಾಡಿ, ಆ ಎರಡನ್ನು ಮೂಲೆ ತಿರುಗಿಸಿ ಮುಂಭಾಗದ ಗೋಡೆಗೆ ಬರೆದ, ಬಾಗಿಲ ಪಕ್ಕ, ಕಿಟಕಿ ಕೆಳಗೆ. ಮೈಸೂರಿನಿಂದ ಬರೋರಿಗೆ ಪೂರ್ತಿ ಹೆಸರು ಕಾಣಲಿಲ್ಲ. ಮನೆಗೆ ಬರೋ ನೆಂಟರಿಗೆ ಬರೀ ಬಾಲ ಕಂಡಿತು. ಎಷ್ಟೋ ವರ್ಷ ನಮ್ಮದು ಯೂರಿಯಾ ಮನೆ ಅಂತಲೇ ಪ್ರಸಿದ್ಧಿ. ಮುಂಗಾರು ಶುರುವಾದರೆ ಗೊಬ್ಬರ ಎಷ್ಟಮ್ಮಾ ಅಂತ ಕೇಳಿಕೊಂಡು ಬರೋರಿಗೆ ಅಜ್ಜಿ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು, ಜೊತೆಗೆ ತಾತನಿಗೆ ನಾಲ್ಕು ಮಾತು.

ಆ ಪೇಂಟರನ್ನು ಯಾವ ಏಜೆನ್ಸಿಯೂ ಕರೆಯಲಿಲ್ಲ ಅನ್ನೋದು ನನಗೆ ಈಗಲೂ ಹೊಟ್ಟೆಯುರಿ. ನಮ್ಮೂರಿನ ಆರ್.ಕೆ. ನಾರಾಯಣ್ ಮಾತ್ರ ಬೋರ್ಡು ಬರೆಯೋ ರಾಮನ್‌ನನ್ನೇ ನಾಯಕ ಮಾಡಿ 1976ರಲ್ಲಿ ಒಂದು ಕಾದಂಬರಿ ತಂದರು. ಆ ಕುಲಕ್ಕೆ ಸಿಕ್ಕ ಮರ್ಯಾದೆ ಅಷ್ಟೇ ಇರಬೇಕು. ಆಮೇಲೆ ಫ್ಲೆಕ್ಸ್ ಬಂತು, ಕುಂಚ ಹೋಯಿತು. ಫ್ಲೆಕ್ಸಿಗೂ ಕಾಲ ಬಂತು. 2018ರಲ್ಲಿ ಹೈಕೋರ್ಟು ಗದರಿದ ಮೇಲೆ ಬೆಂಗಳೂರಿನಲ್ಲಿ ಹೋರ್ಡಿಂಗ್, ಫ್ಲೆಕ್ಸ್ ಎಲ್ಲ ಕಿತ್ತು ಹಾಕಿದರಲ್ಲ. ಊರಿಗೆ ಊರೇ ಮುಖ ತೊಳೆದುಕೊಂಡ ಹಾಗಿತ್ತು. ಬರೀ ಕಬ್ಬಿಣದ ಚೌಕಟ್ಟು ನಿಂತಿತ್ತು ಕೆಲವು ಕಡೆ, ಆ ಕಡೆ ಆಕಾಶ ಕಾಣುತ್ತಿತ್ತು. ಜಾಹೀರಾತು ಇಲ್ಲದೆಯೂ ನಡೆಯುತ್ತೆ ಅಂತ ನಂಬೋರು ನಮ್ಮಲ್ಲಿ ಮೊದಲಿಂದ ಇದ್ದಾರೆ ಬಿಡಿ. ಲಂಕೇಶರು 1980ರಲ್ಲಿ ಪತ್ರಿಕೆ ಶುರು ಮಾಡಿ ಜಾಹೀರಾತೇ ಬೇಡ ಅಂತ ಕೂತರು, ಓದುಗರು ಕೊಟ್ಟ ಕಾಸಿನಲ್ಲೇ ನಡೆಸಿದರು. ಆದರೆ ಎಲ್ಲರೂ ಲಂಕೇಶರಾಗೋಕೆ ಆಗುತ್ತಾ?

ಹುಡುಗಿ ಕೆಲಸಕ್ಕೆ ಸೇರಿ ಮೊದಲ ಸಲ ಊರಿಗೆ ಬಂದಾಗ ಅವಳ ಬಾಯಿಂದ ಕೇಳಿದ್ದನ್ನು ಹೇಳ್ತೀನಿ. ಬೆಳಗ್ಗೆ ಹತ್ತೂವರೆಗೆ ಹೋದರೂ ಯಾರೂ ಕೇಳಲ್ವಂತೆ, ರಾತ್ರಿ ಹತ್ತೂವರೆಗೆ ಹೊರಟರೆ ಎಲ್ಲರೂ ಕೇಳ್ತಾರಂತೆ, ಇಷ್ಟು ಬೇಗ ಎಲ್ಲಿಗೆ ಅಂತ. ಬ್ರೀಫ್ ಅಂತ ಒಂದು ಕಾಗದ ಬರುತ್ತೆ. ಹೆಸರಿಗೆ ಬ್ರೀಫು, ಒಂಬತ್ತು ಪುಟ. ಇಪ್ಪತ್ತು ಸಾಲು ಬರೆದರೆ ಹತ್ತೊಂಬತ್ತು ಸಾಯುತ್ತೆ, ಉಳಿದ ಒಂದಕ್ಕೆ ಕ್ಲೈಂಟಿನ ಮನೆಯವರೆಲ್ಲ ಕೈ ಹಾಕ್ತಾರೆ. ಆರ್ಟ್ ಡೈರೆಕ್ಟರ್ ಕಣ್ಣು ಕಿತ್ತು ಮಾಡಿದ ಡಿಸೈನ್ ನೋಡಿ ಕ್ಲೈಂಟ್ ಹೇಳೋದು ಒಂದೇ ಮಾತು: ಲೋಗೋ ಸ್ವಲ್ಪ ದೊಡ್ಡದು ಮಾಡಿ. ಕನ್ನಡ ಬಲ್ಲವಳು ಅಂತ ಮುಂಬಯಿಯಿಂದ ಬಂದ ಹಿಂದಿ ಫಿಲ್ಮುಗಳೂ ಇವಳ ಮೇಜಿಗೇ ಬೀಳುತ್ತವೆ. ಬರೆದ ಕನ್ನಡವನ್ನು ಮತ್ತೆ ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕು, ಅಲ್ಲಿ ಕನ್ನಡ ಬಾರದ ಯಾರೋ ಓದಿ, ಇದು ಪಂಚಿಯಾಗಿಲ್ಲ ಅಂತಾರೆ. ಹಾಗಿದ್ದೂ ನಮ್ಮೂರಿನ ಬನಿ ಗೆದ್ದಿದ್ದೂ ಇದೆ. 2021ರಲ್ಲಿ ಒಂದು ಜಾಹೀರಾತಿನಲ್ಲಿ ರಾಹುಲ್ ದ್ರಾವಿಡ್ ಟ್ರಾಫಿಕ್ಕಿನಲ್ಲಿ ನಿಂತು ಇಂದಿರಾನಗರದ ಗೂಂಡಾ ನಾನು ಅಂತ ಕಿರುಚಿದ್ದನ್ನು ದೇಶವೇ ನೋಡಿತಲ್ಲ. ತಂದೆ ಕಿಸ್ಸಾನ್ ಜಾಮ್ ಕಂಪನಿಯಲ್ಲಿದ್ದರು ಅಂತ ಜ್ಯಾಮಿ ಅನ್ನೋ ಹೆಸರು ಹೊತ್ತುಕೊಂಡ ಆ ಸಾಧು ಪ್ರಾಣಿಯ ಕೈಗೆ ಬ್ಯಾಟು ಕೊಟ್ಟು ಕಾರಿನ ಕನ್ನಡಿ ಒಡೆಸಬೇಕು ಅಂತ ಹೊಳೆಯಿತಲ್ಲ ಯಾರಿಗೋ, ಅವರು ಖಂಡಿತ ಸಿಲ್ಕ್ ಬೋರ್ಡಿನಲ್ಲಿ ಒಂದು ಗಂಟೆ ನಿಂತಿದ್ದವರೇ.

"ಈಗ ಕಂಪ್ಯೂಟರೇ ಬರೆದುಕೊಡುತ್ತಂತಲ್ಲ, ಇವಳ ಕೆಲಸ ಉಳಿಯುತ್ತಾ?" ಇದು ಮೇಷ್ಟ್ರ ಹೊಸ ಚಿಂತೆ. ಉಳಿಯುತ್ತೋ ಬಿಡುತ್ತೋ, ಏಜೆನ್ಸಿಗಳ ಹೆಸರೇ ಉಳಿಯುತ್ತಿಲ್ಲ. 1864ರಷ್ಟು ಹಳೇ ಬೇರಿನ ಜೆ. ವಾಲ್ಟರ್ ಥಾಮ್ಸನ್ 2018ರಲ್ಲಿ ಇನ್ನೊಂದರ ಜೊತೆ ಸೇರಿತು, ಐದು ವರ್ಷದಲ್ಲಿ ಆ ಜೋಡಿ ಹೆಸರೂ ಮತ್ತೊಂದರಲ್ಲಿ ಕರಗಿತು. ಟ್ರೈನಿಗಳಿಗೆ ಮೊದಲು ಕೊಡುತ್ತಿದ್ದ ಚಿಲ್ಲರೆ ಬರವಣಿಗೆ, ಆ ನೂರು ಹೆಡ್‌ಲೈನ್ ಬರಿ ಅನ್ನೋ ಶಿಕ್ಷೆ, ಅದನ್ನು ಕಂಪ್ಯೂಟರ್ ಮಾಡಿದರೆ ಮಾಡಲಿ. ಆದರೆ ಆ ಶಿಕ್ಷೆಯಲ್ಲೇ ಅಲ್ವಾ ಕೈ ಪಳಗುತ್ತಿದ್ದದ್ದು? ಅದು ಹೋದರೆ ಹೊಸಬರು ಎಲ್ಲಿ ಕಲೀತಾರೋ, ನನಗೇನೋ ಹೊಳೆಯೋದಿಲ್ಲ.

ದುಡ್ಡು ಎಲ್ಲಿಂದ ಬರುತ್ತೆ ಅನ್ನೋದನ್ನು ಮೇಷ್ಟ್ರಿಗೆ ಅರ್ಥ ಮಾಡಿಸೋಷ್ಟರಲ್ಲಿ ನನಗೆ ಸಾಕಾಯಿತು. ಪೇಪರಿನಲ್ಲಿ ಒಂದು ಲಕ್ಷದ ಜಾಹೀರಾತು ಅಂದರೆ, ನ್ಯೂಸ್‌ಪೇಪರ್ ಸೊಸೈಟಿಯ ಮಾನ್ಯತೆ ಇರೋ ಏಜೆನ್ಸಿ ಪೇಪರಿಗೆ ಕಟ್ಟೋದು 85,000. ಮಿಕ್ಕ ಶೇಕಡಾ 15 ಅವರ ಕಮಿಷನ್. ಈಗೆಲ್ಲ ತಿಂಗಳ ಫೀಸು ಬಂದಿದೆ, ಆದರೂ ಹಳೇ ಲೆಕ್ಕ ಅದು. "ಅಂದ್ರೆ ಬ್ರೋಕರು ಅನ್ನಿ" ಅಂದರು ಮೇಷ್ಟ್ರು. ಬ್ರೋಕರ್ ಕಂಡರೆ ಅವರಿಗಾಗದು. ಮಹಡಿ ಮನೆ ಖಾಲಿಯಾದಾಗಲೆಲ್ಲ ಗೇಟಿಗೆ ತೂಗು ಹಾಕೋ ಬೋರ್ಡಿನಲ್ಲಿ ಅದೇ ಮೊದಲ ಸಾಲು: ಬ್ರೋಕರುಗಳು ಒಳಗೆ ಬರಬಾರದು. ಮನೆ ಬಾಡಿಗೆಗಿದೆ ಅನ್ನೋದು ಅದರ ಕೆಳಗೆ, ಸಣ್ಣಕ್ಷರದಲ್ಲಿ.

ಈ ಸಲ ಮೊಮ್ಮಗಳು ಆ ಬೋರ್ಡನ್ನು ಹೊಸದಾಗಿ ಬರೆದಳು. ಬೆಳಗಿನ ಬಿಸಿಲು, ಸಂಜೆಯ ಗಾಳಿ, ದಿನವಿಡೀ ನೀರು. ಮಾಲೀಕರು ನಿವೃತ್ತ ಮೇಷ್ಟ್ರು, ನಿಮ್ಮ ಮಕ್ಕಳಿಗೆ ಕನ್ನಡ ಪಾಠ ಉಚಿತ, ಬೇಡ ಅಂದರೂ. ನಾನು ಓದಿ ಗೇಟಿನಲ್ಲೇ ನಕ್ಕೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. 'ಬೇಡ ಅಂದರೂ' ಹೊಡೆದುಹಾಕಿದರು. ಬಿಸಿಲು, ಗಾಳಿಗೆ ನಾವೇನು ಬಾಡಿಗೆ ತಗೋತೀವಾ ಅಂತ ಅದನ್ನೂ ತೆಗೆಸಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಹೋಗಿ ನಿಂತು, "ಫೋನ್ ನಂಬರ್ ಸ್ವಲ್ಪ ದೊಡ್ಡದು ಮಾಡಮ್ಮ" ಅಂದರು. ಹುಡುಗಿ ನನ್ನ ಮುಖ ನೋಡಿದಳು, ನಾನು ದಾಸವಾಳ ನೋಡಿದೆ.

ಬಾಡಿಗೆಯವರು ಬಂದಾಯಿತು, ನೋಡಿದಿರಲ್ಲ? ಬ್ಯಾಂಕಿನವರಂತೆ, ಸಂಭಾವಿತರು. ಬೋರ್ಡು ಅವರ ಕಣ್ಣಿಗೇ ಬಿದ್ದಿಲ್ಲ, ನಮ್ಮ ಹಾಲಿನವನು ಕಳಿಸಿದ್ದು. ಶೇಕಡಾ 15 ಅವನಿಗೆ ಕೊಟ್ಟರೋ ಇಲ್ಲವೋ, ನಾಳೆ ಹಾಲು ತಂದಾಗ ಕೇಳಬೇಕು.